ಇಸಬಗೋಲು, ಅರಸಿನ ಮತ್ತು ಕರುಳಿನ ಹುಣ್ಣು

ಅಹಮದಾಬಾದಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಊಂಝಾ ಪೇಟೆಯು ಜೀರಿಗೆಗೂ ಇಸಬಗೋಲಿಗೂ ಪ್ರಸಿದ್ಧವಾದುದು. ಜೀರಿಗೆಯು ನಮ್ಮ ಹೋಟೆಲುಗಳ ಅಡಿಗೆಮನೆಯನ್ನು ಸೇರಿದರೆ, ಇಸಬಗೋಲಿನ ಪೊಟ್ಟಣವು ನಮ್ಮ ಮಾಣಿಗಳ ಟ್ರಂಕನ್ನು ಸೇರುತ್ತದೆ. ಹೊಟ್ಟೆ ಕೆಟ್ಟರೆ ಅದನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದು ಮರುದಿನ ಕೆಲಸಕ್ಕೆ ನಿಲ್ಲುವುದು ನಮ್ಮವರ ರೂಢಿ.

ನಾವು ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ ನಮ್ಮಲ್ಲಿದ್ದ ಹುಡುಗನೊಬ್ಬನಿಗೆ ತಿಂಗಳುಗಟ್ಟಲೆ ಮಲದಲ್ಲಿ ರಕ್ತ ಹೋಗುತ್ತಿದ್ದಿತು. ಕೆಲಸ ಹೋದೀತೆಂಬ ಭಯದಿಂದ ಅವನು ಮುಚ್ಚಿಟ್ಟನು. ತಿಳಿದ ಮೇಲೆ ನಾವೂ ‘ಉಷ್ಣವಾಗಿರಬೇಕು, ಮಜ್ಜಿಗೆ ಕುಡಿ’ ಎಂದು ಸುಮ್ಮನಾದೆವು. ಎದ್ದು ನಿಲ್ಲಲಾರದಷ್ಟು ಸೊರಗಿದ ಮೇಲೆಯೇ ಅವನನ್ನು ವೈದ್ಯರಲ್ಲಿಗೆ ಕರೆದೊಯ್ದುದು. ದೊಡ್ಡ ಕರುಳಿನಲ್ಲಿ ಹುಣ್ಣಾಗಿದ್ದಿತು. ಹುಡುಗನು ಚೇತರಿಸಿಕೊಂಡನು, ಆದರೆ ಆ ಅವಿವೇಕದ ಹೊಣೆ ನಮ್ಮದೇ.

ಈ ವ್ಯಾಧಿಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಹಿಡಿಯುವುದು. ಕ್ರೋನ್ಸ್ ರೋಗವು ಬಾಯಿಯಿಂದ ಗುದದವರೆಗೆ ಎಲ್ಲಿಯೂ ಬರಬಹುದು. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಕರುಳನ್ನು ಕೆರಳಿಸುವುದರಿಂದ ಉರಿಯೂತವುಂಟಾಗುತ್ತದೆ. ಇದು ಅಂಟುರೋಗವಲ್ಲ.

ಹಾಗಾದರೆ ಇಸಬಗೋಲು ನಿಷ್ಪ್ರಯೋಜಕವೆ? ಅಲ್ಲ. ಕೊಲೈಟಿಸ್ ಶಮನಗೊಂಡಿದ್ದ 105 ರೋಗಿಗಳ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗವನ್ನು ಸ್ಪೇನಿನ ವೈದ್ಯರು 1999ರಲ್ಲಿ ಪ್ರಕಟಿಸಿದರು. ಇಸಬಗೋಲಿನ ಬೀಜ ಸೇವಿಸಿದವರಲ್ಲಿ ರೋಗ ಮರುಕಳಿಸಿದ ಪ್ರಮಾಣವು ಮೆಸಲಮೈನ್ ಗುಳಿಗೆ ನುಂಗಿದವರ ಪ್ರಮಾಣಕ್ಕೆ ಹತ್ತಿರವೇ ಇದ್ದಿತು. ಅದರ ನಾರನ್ನು ಕರುಳಿನ ಜೀವಾಣುಗಳು ಹುದುಗಿಸುವಾಗ ಬ್ಯುಟಿರೇಟ್ ಎಂಬ ವಸ್ತು ಹುಟ್ಟಿ ಕರುಳಿನ ಪದರಕ್ಕೆ ಆಹಾರವಾಗುತ್ತದೆ.

ಅರಸಿನದ ಸಾರವಾದ ಕರ್ಕ್ಯುಮಿನ್‌ನ ಕಥೆಯೂ ಹೀಗೆಯೇ. ಜಪಾನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಂದಿನ ಔಷಧದೊಡನೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಪಡೆದ 43 ಮಂದಿಯಲ್ಲಿ ಆರು ತಿಂಗಳೊಳಗೆ ಇಬ್ಬರಿಗೂ, ಅದನ್ನು ಪಡೆಯದ 39 ಮಂದಿಯಲ್ಲಿ ಎಂಟು ಜನರಿಗೂ ರೋಗ ಮರುಕಳಿಸಿತು. ಆದರೆ ದಿಲ್ಲಿಯ ಏಮ್ಸ್ ವೈದ್ಯರು ದಿನಕ್ಕೆ 450 ಮಿಲಿಗ್ರಾಂ ಮಾತ್ರ ಕೊಟ್ಟು ನೋಡಿ, ಅದರಿಂದ ವಿಶೇಷ ಗುಣ ಕಾಣಲಿಲ್ಲವೆಂದು 2017ರಲ್ಲಿ ತಿಳಿಸಿದರು. ಅರಸಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಸಾಂಬಾರಿನ ಚಿಟಿಕೆ ಅರಸಿನವು ರುಚಿಗಾದೀತೇ ಹೊರತು ಔಷಧಕ್ಕಾಗದು.

ಆದುದರಿಂದ ನಮ್ಮ ವಾಚಕರಲ್ಲಿ ಬಿನ್ನಹವಿಷ್ಟೆ: ಈ ವಸ್ತುಗಳು ವೈದ್ಯರ ಔಷಧಕ್ಕೆ ಜೊತೆಗಾರರಾಗಬಹುದು, ಅವರನ್ನು ಕೇಳದೆ ಗುಳಿಗೆ ಬಿಟ್ಟು ಇವನ್ನೇ ನೆಚ್ಚತಕ್ಕದ್ದಲ್ಲ. ಕರುಳು ಕಿರಿದಾಗಿರುವವರಿಗೆ ಇಸಬಗೋಲೇ ಅಡ್ಡಗಟ್ಟಿ ಅಪಾಯ ತರಬಹುದು. ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ ಅಹಮದಾಬಾದಿನ ಸಿವಿಲ್ ಆಸ್ಪತ್ರೆಗೋ, ವಡೋದರೆಯ ಸಯಾಜಿ ಆಸ್ಪತ್ರೆಗೋ, ಸೂರತ್ತಿನ ಹೊಸ ಸಿವಿಲ್ ಆಸ್ಪತ್ರೆಗೋ ಹೋಗಿರಿ. ಗುಜರಾತಿ ಬಾರದವರಿಗೆ ‘ಝಾಡಾಮಾಂ ಲೋಹಿ’ ಎಂಬೆರಡು ಮಾತು ಸಾಕು.

ಇನ್ನು ಮಾಲಿಕ ಬಂಧುಗಳಿಗೆ ಒಂದು ಮಾತು: ಹುಡುಗನು ಪದೇ ಪದೇ ಪಾಯಖಾನೆಗೆ ಹೋದರೆ ಗದರಿಸಬೇಡಿರಿ, ಕಾರಣವನ್ನು ಕೇಳಿರಿ. ನಾವು ಕೇಳಲಿಲ್ಲ.