ಓಮ್ನಿಯೊಳಗೆ ಮನೆ, ಕಡಲ ದಂಡೆಯಲ್ಲಿ ಎಂಟು ದಿನ

ಶಿವರಾತ್ರಿ ಕಳೆದಿತ್ತು, ರಾಗಿ ಮೂಟೆ ಮನೆ ಸೇರಿತ್ತು. "ಸಮುದ್ರ ನೋಡದೇ ಸಾಯ್ತೀನೋ ಏನೋ" ಅಂತ ನಮ್ಮಾಕೆ ಮೂವತ್ತು ವರ್ಷದಿಂದ ಅಂತಿದ್ಲು. ಎರಡು ಬೋರು ಬತ್ತಿ ಮೂರನೇದಕ್ಕೆ ದುಡ್ಡು ಹೊಂದಿಸಿಟ್ಟಿದ್ದೆ. ಗಾಡಿಯವನು ಬರೋಕೆ ಹದಿನೈದು ದಿನ ಅಂದ. ಅಷ್ಟರೊಳಗೆ ಹೋಗಿ ಬರೋಣ ಅಂತ ಹೊರಟ್ವಿ.

ನಮ್ಮದು ಚನ್ನರಾಯಪಟ್ಟಣ ಸಂತೆಗೆ ತೆಂಗಿನಕಾಯಿ ಹೊರೋ ಹಳೇ ಸರಕಿನ ಓಮ್ನಿ. ಹಿಂದೆ ಸೀಟಿಲ್ಲ. ಅಲ್ಲಿ ಹಲಗೆ ಹಾಕಿ ಮೇಲೆ ಹಾಸಿಗೆ, ಕೆಳಗೆ ರಾಗಿಹಿಟ್ಟು, ಅವರೆಬೇಳೆ, ಪಾತ್ರೆ, 5 ಕೆ.ಜಿ. ಗ್ಯಾಸು ಇಟ್ಟೆವು. (ಒಲೆ ಹೊತ್ತಿಸೋದು ಗಾಡಿಯಿಂದ ದೂರ ಇಳಿಸಿಯೇ.) ಪೇಟೆಯವರು ಇದನ್ನೇ ಕ್ಯಾರವಾನ್ ಅಂತ ಲಕ್ಷಗಟ್ಟಲೆ ಕೊಟ್ಟು ಮಾಡಿಸ್ತಾರಂತೆ. ನಮಗೆ ಬಿದ್ದ ಖರ್ಚು ಹಲಗೆ ಕುಯ್ಸಿದ ಕೂಲಿ.

ನೀರಿಗೆ 20 ಲೀಟರಿನ ಎರಡು ಕ್ಯಾನು ತೆಗೆದಿಟ್ಟೆ. "ಕರಾವಳಿಗೆ ನೀರು ಹೊತ್ಕೊಂಡು ಹೋಗ್ತೀಯಾ?" ಅಂತ ಮಗ ನಕ್ಕ. ನಮ್ಮಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಅಲ್ಲಿ 3500 ದಾಟುತ್ತೆ. ಸರಿ ಅಂತ ಒಂದನ್ನು ಬಿಟ್ಟೇ ಹೋದೆ.

ಸಕಲೇಶಪುರದ ಸೇತುವೆ ಮೇಲೆ ಹೇಮಾವತಿ ಸಿಕ್ಕಿದಳು, ಗೊರೂರು ಅಣೆಕಟ್ಟೆ ಸೇರಿ ಹೊಳೆನರಸೀಪುರದ ಕಡೆ ಹೋಗೋ ನಮ್ಮ ಹೊಳೆ. ಶಿರಾಡಿ ಘಾಟಿ ಇಳಿದರೆ ಎಲ್ಲ ನೀರೂ ಪಡುವಣಕ್ಕೆ ಓಡುತ್ತೆ. ಮಂಗಳೂರಿಂದ 66ನೇ ಹೆದ್ದಾರಿ ಹಿಡಿದ್ವಿ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲು ಸಮುದ್ರ, ಇನ್ನೊಂದು ಮಗ್ಗುಲು ಸೌಪರ್ಣಿಕಾ. ನಮ್ಮಾಕೆ ಇಳಿದೋಳು ಒಂದು ಗಂಟೆ ಮಾತೇ ಆಡಲಿಲ್ಲ.

ರಾತ್ರಿ ಪೆಟ್ರೋಲ್ ಬಂಕಿನವರನ್ನು ಕೇಳಿ ಅಲ್ಲೇ ಮಲಗ್ತಿದ್ವಿ. ಬಾಗಿಲು ಹಾಕಿದರೆ ಸೆಖೆ, ತೆಗೆದರೆ ಸೊಳ್ಳೆ. ಹಳೇ ಸೀರೆ ಕಟ್ಟಿ ಸುಧಾರಿಸಿದ್ವಿ.

ನಾಲ್ಕನೇ ದಿನ ಹೊನ್ನಾವರದ ಹತ್ತಿರ ಹೊಳೆ ದಂಡೆಯ ಬಾವೀಲಿ ಕ್ಯಾನು ತುಂಬಿಸಿದೆ. ಕಣ್ಣಿಗೆ ತಿಳಿ ನೀರು. ಅದರಲ್ಲಿ ತೊಳಸಿದ ಮುದ್ದೆ ಬಾಯಿಗಿಟ್ಟರೆ ಉಪ್ಪು! ಆ ಮನೆಯ ಅಜ್ಜಿಗೆ ನಮ್ಮನ್ನು ನೋಡಿ ನಗು. ಮಳೆಗಾಲದಲ್ಲಿ ಬಾವಿ ಕೈಗೆ ಸಿಗುವಷ್ಟು ತುಂಬುತ್ತಂತೆ. ಸಿಹಿನೀರು ಹಗುರ, ಉಪ್ಪು ನೀರಿನ ಮೇಲೆ ನಿಂತಿರುತ್ತೆ. ಅಕ್ಕಪಕ್ಕದೋರೆಲ್ಲ ಪಂಪು ಹಾಕಿ ಎಳೆಯೋಕೆ ಶುರು ಮಾಡಿದ ಮೇಲೆ ಮಾರ್ಚಿಗೇ ಕೆಳಗಿನ ಉಪ್ಪು ಮೇಲೆ ಬರುತ್ತೆ ಅಂದ್ಲು. ಕುಡಿಯೋಕೆ ಬೇರೆ ಮನೆಯಿಂದ ಎರಡು ಕೊಡ ಹೊತ್ತು ತರ್ತಾಳೆ, ಅದರಲ್ಲೇ ನಮಗೂ ಒಂದು ಚೊಂಬು ಕೊಟ್ಲು.

ಕುಮಟಾ ತಾಲ್ಲೂಕಿನ ಮಾಣಿಕಟ್ಟದಲ್ಲಿ ಉಪ್ಪು ನೀರಲ್ಲೇ ಬೆಳೆಯೋರನ್ನು ನೋಡಿದೆ. ಅಘನಾಶಿನಿಗೆ ಉಬ್ಬರ ಬಂದಾಗ ಕಡಲ ನೀರು ನುಗ್ಗೋ ಗದ್ದೆಗೆ ಗಜನಿ ಅಂತಾರೆ. ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತನೆ. ಗೊಬ್ಬರ ಹಾಕಲ್ಲ, ಔಷಧಿ ಹೊಡೆಯಲ್ಲ. ತೆನೆ ಮಾತ್ರ ಕೊಯ್ದು ಹುಲ್ಲು ಬಿಡ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆಗೆದರೆ ಉಬ್ಬರದ ಜೊತೆ ಸಿಗಡಿ, ಮೀನು ಬಂದು ಆ ಹುಲ್ಲಿನ ನಡುವೆ ಬೆಳೀತವೆ. ನಾವು ಹೋದಾಗ ಬಲೆ ಹಾಕ್ತಿದ್ರು. ಸಿಗಡಿಗೆ ದುಡ್ಡು ಜಾಸ್ತಿ ಅಂತ ಎಷ್ಟೋ ಜನ ಭತ್ತ ಬಿಟ್ಟಿದ್ದಾರಂತೆ. ಕಟ್ಟೆ ಒಬ್ಬನದಲ್ಲ. ಒಬ್ಬ ತನ್ನಷ್ಟಕ್ಕೆ ಬಾಗಿಲು ತೆಗೆದರೆ ಎಲ್ಲರ ಪೈರೂ ಹೋಗುತ್ತೆ.

ಊರಿಗೆ ಬಂದು ಬೋರ್ ಗಾಡಿಯವನಿಗೆ ಬೇಡ ಅಂದೆ. ಆ ದುಡ್ಡಲ್ಲಿ ಹೊಲದ ತಗ್ಗಿಗೆ ಕೃಷಿ ಹೊಂಡ ತೋಡಿಸ್ತಿದ್ದೀನಿ. ಮಗನ ಸಿಟ್ಟು ಇನ್ನೂ ಇಳಿದಿಲ್ಲ. ಅರಕಲಗೂಡಿನ ಬೀಗರು ಓಮ್ನಿ ಎರವಲು ಕೇಳಿದ್ದಾರೆ. ಕೊಡ್ತೀನಿ, ಎರಡು ಕ್ಯಾನಿನ ಸಮೇತ.