ಟೀವಿ ನೋಡುತ್ತಲೇ ಸಿಕ್ಕ ಗ್ರಹಗಳು

ಟೀವಿ ಹಾಕಿದ್ದು ಮಂಗಳವಾರ ರಾತ್ರಿ. ಗುರುವಾರ ರಾತ್ರಿಯ ಹೊತ್ತಿಗೆ ನೋಡುಗರ ಲೆಕ್ಕಕ್ಕೆ ಹೊಸ ಗ್ರಹಗಳು! ಒಂದಲ್ಲ, ಎರಡಲ್ಲ, ನಾಲ್ಕು. ಅದೂ ಒಂದೇ ನಕ್ಷತ್ರದ ಸುತ್ತ!

2017ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದಿಂದ ಎಬಿಸಿ ವಾಹಿನಿ ಮೂರು ರಾತ್ರಿ 'ಸ್ಟಾರ್‌ಗೇಜಿಂಗ್ ಲೈವ್' ಪ್ರಸಾರ ಮಾಡಿತು. ನಡೆಸಿಕೊಟ್ಟವರಲ್ಲಿ ಭೌತವಿಜ್ಞಾನಿ ಬ್ರಯಾನ್ ಕಾಕ್ಸ್ ಒಬ್ಬರು. ಇಂಥ ಕಾರ್ಯಕ್ರಮಗಳು ಸಾಮಾನ್ಯವಾಗಿ ಚೆಂದದ ಚಿತ್ರ ತೋರಿಸಿ, ನಾಲ್ಕು ಮಾತಾಡಿ, ಶುಭರಾತ್ರಿ ಹೇಳಿ ಹೋಗುತ್ತವೆ. ಇವರು ನೋಡುಗರಿಗೇ ಕೆಲಸ ಹಚ್ಚಿದರು. ಬಾಹ್ಯಾಕಾಶದಲ್ಲಿದ್ದ ಕೆಪ್ಲರ್ ದೂರದರ್ಶಕದ ಹೊಚ್ಚ ಹೊಸ ದತ್ತಾಂಶವನ್ನು ಝೂನಿವರ್ಸ್ ಜಾಲತಾಣದಲ್ಲಿ ಹರವಿ, ಹುಡುಕಿ ಅಂದರು.

ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ಚೂರು ಕುಂದುತ್ತದೆ. ಎಷ್ಟು? ಸಾವಿರದಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅನುಮಾನದ ಕುಸಿತಗಳನ್ನು ಕಂಪ್ಯೂಟರ್ ಆರಿಸಿಕೊಡುತ್ತದೆ, ನಿಜ. ಆದರೆ ಅದರಲ್ಲಿ ಜೊಳ್ಳೇ ಹೆಚ್ಚು. ಗಟ್ಟಿ ಯಾವುದೆಂದು ಹೇಳಲು ಮನುಷ್ಯರ ಕಣ್ಣು ಬೇಕಿತ್ತು. ಒಂದೊಂದನ್ನೂ ಕನಿಷ್ಠ ಹತ್ತು ಜನ ನೋಡಬೇಕು, ನೂರಕ್ಕೆ ತೊಂಬತ್ತು 'ಹೌದು' ಬೀಳಬೇಕು, ಆಮೇಲಷ್ಟೇ ವಿಜ್ಞಾನಿಗಳ ಪರೀಕ್ಷೆ. ಮೊದಲ 48 ಗಂಟೆಗಳಲ್ಲಿ 10,000ಕ್ಕೂ ಹೆಚ್ಚು ಜನ ಸೇರಿ 20 ಲಕ್ಷಕ್ಕೂ ಮೀರಿ ತೀರ್ಪು ಕೊಟ್ಟರು! ಆ ನಾಲ್ಕು ಗ್ರಹಗಳ ನಕ್ಷತ್ರವನ್ನು ಗುರುತಿಸಿದವರಲ್ಲಿ ಡಾರ್ವಿನ್ ನಗರದ ಒಬ್ಬ ಕಾರ್ ಮೆಕ್ಯಾನಿಕ್ ಕೂಡ ಇದ್ದರು.

ಕೆಪ್ಲರಾದರೂ ಗಟ್ಟಿಮುಟ್ಟಾಗಿತ್ತೇ? ಅದನ್ನು ಅಲುಗದಂತೆ ನಿಲ್ಲಿಸುತ್ತಿದ್ದ ನಾಲ್ಕು ಚಕ್ರಗಳಲ್ಲಿ ಎರಡನೆಯದೂ 2013ರಲ್ಲಿ ಕೆಟ್ಟುಹೋಗಿತ್ತು. ಎಂಜಿನಿಯರುಗಳು ಬಿಸಿಲಿನ ಒತ್ತಡವನ್ನೇ ಆಸರೆ ಮಾಡಿಕೊಂಡು ಅದನ್ನು ನಿಲ್ಲಿಸಿದರು. ಹಾಗೆ ನಿಲ್ಲಬೇಕಾದರೆ ಅದು ಸೂರ್ಯ ಸಾಗುವ ದಾರಿಯ ಗುಂಟ, ಅಂದರೆ ರಾಶಿಚಕ್ರದ ಗುಂಟವೇ ದಿಟ್ಟಿಸಬೇಕಿತ್ತು. ನೋಡುಗರಿಗೆ ಈ ನಕ್ಷತ್ರ ಸಿಕ್ಕಿದ್ದೂ ಕುಂಭ ರಾಶಿಯಲ್ಲೇ! (ಜ್ಯೋತಿಷಿಗಳು ಇದಕ್ಕೊಂದು ಫಲ ಬರೆಯದಿದ್ದರೆ ಸಾಕು.) ಕೆ2-138 ಅದರ ಹೆಸರು. ಸೂರ್ಯನಿಗಿಂತ ಚಿಕ್ಕದು, ತುಸು ತಣ್ಣನೆಯದು, 600ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದ್ದು.

ಮೈ ಜುಮ್ಮೆನ್ನಿಸುವ ಸಂಗತಿ ಇನ್ನು ಮುಂದಿದೆ. 2018ರಲ್ಲಿ ಸಂಶೋಧನಾ ಪ್ರಬಂಧ ಪ್ರಕಟವಾದಾಗ ಗ್ರಹಗಳು ಐದಾಗಿದ್ದವು. ಅವು ಒಂದು ಸುತ್ತು ಹಾಕಲು ಹಿಡಿಯುವ ದಿನಗಳನ್ನು ನೋಡಿ: 2.35, 3.56, 5.40, 8.26, 12.76. ಅಕ್ಕಪಕ್ಕದ ಯಾವ ಎರಡನ್ನಾದರೂ ಭಾಗಿಸಿ, ಹೆಚ್ಚುಕಡಿಮೆ ಒಂದೂವರೆ! ಮೂರಕ್ಕೆ ಎರಡು! ಷಡ್ಜಕ್ಕೂ ಪಂಚಮಕ್ಕೂ ಇರುವ ಅನುಪಾತವೇ ಇದು. ಯಾರು ಶ್ರುತಿ ಹಿಡಿದರು ಇದಕ್ಕೆ? ಗುರುತ್ವ. ಹುಟ್ಟಿದ ಹೊಸತರಲ್ಲಿ ಅನಿಲ, ಧೂಳಿನ ತಟ್ಟೆಯೊಳಗೆ ಮೆಲ್ಲಮೆಲ್ಲಗೆ ಒಳಸರಿಯುತ್ತ, ಒಂದನ್ನೊಂದು ಸೆಳೆಯುತ್ತ ಈ ಗ್ರಹಗಳು ಇಂಥ ಹೊಂದಾಣಿಕೆಗೆ ಬಂದಿರಬೇಕು ಎನ್ನುತ್ತಾರೆ ವಿಜ್ಞಾನಿಗಳು. ದೊಡ್ಡ ಡಿಕ್ಕಿಗಳು ನಡೆದಿದ್ದರೆ ಎಲ್ಲ ಎಕ್ಕುಟ್ಟಿ ಹೋಗುತ್ತಿತ್ತು.

ಆಮೇಲೆ ಸ್ಪಿಟ್ಜರ್ ದೂರದರ್ಶಕದ ನೆರವಿನಿಂದ ಆರನೆಯದೂ ಖಚಿತವಾಯಿತು, ಸುಮಾರು 42 ದಿನಗಳ ಸುತ್ತಿನದು. ಒಂದೂವರೆಯ ಲೆಕ್ಕದಲ್ಲೇ ಎಣಿಸಿಕೊಂಡು ಹೋದರೆ ಐದನೆಯದಕ್ಕೂ ಆರನೆಯದಕ್ಕೂ ನಡುವೆ ಎರಡು ಗ್ರಹಗಳ ಜಾಗ ಖಾಲಿ ಉಳಿಯುತ್ತದೆ. ನಿಜಕ್ಕೂ ಖಾಲಿಯೋ, ಅಲ್ಲಿ ಎರಡು ಗ್ರಹಗಳು ಅಡಗಿ ಕೂತಿವೆಯೋ!

ಕೆಪ್ಲರ್ 2018ರಲ್ಲಿ ಇಂಧನ ತೀರಿ ನಿವೃತ್ತವಾಯಿತು. ಬೇಟೆ ನಿಂತಿಲ್ಲ. ಗ್ರಹ ಹುಡುಕುವ ಟೆಸ್ ಉಪಗ್ರಹದ ದತ್ತಾಂಶವನ್ನು ಜಾಲಾಡಲು ಅದೇ ಝೂನಿವರ್ಸ್ ಜನಸಾಮಾನ್ಯರನ್ನು ಕರೆದಿದೆ. ದೂರದರ್ಶಕ ಬೇಡ, ಪದವಿ ಬೇಡ, ಕಾಸೂ ಬೇಡ. ರಾತ್ರಿ ಧಾರಾವಾಹಿ ಮುಗಿದ ಮೇಲೆ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಹುಡುಕಿ ನೋಡಿ.