ಜಾಲಪುಟದಲ್ಲಿ ಕನ್ನಡದ ಅಕ್ಷರ

ಜಾಲಪುಟ ರಚನೆಯನ್ನು ಕಲಿಯುವ ವಿದ್ಯಾರ್ಥಿಗೆ ದಿನವೂ ಒಂದಲ್ಲ ಒಂದು ರಿಪೇರಿ ಇದ್ದೇ ಇರುತ್ತದೆ. ಅವನು ಬರೆದ ‘ಕ’ಕಾರವು ತೆರೆಯ ಮೇಲೆ ಅರ್ಥವಿಲ್ಲದ ಮೂರು ಚಿಹ್ನೆಗಳಾಗಿ ತೋರುವುದುಂಟು. ಅಕ್ಷರವೇ ಕೆಟ್ಟಿತೆಂದು ಬಗೆದು ಕನ್ನಡವನ್ನು ಅಳಿಸಿ ಇಂಗ್ಲಿಷಿಗೆ ಶರಣಾಗುವವರಿದ್ದಾರೆ, ಇದು ದುಡುಕು. ಗಣಕಯಂತ್ರವು ಅಕ್ಷರಗಳನ್ನರಿಯದು, ಸಂಖ್ಯೆಗಳನ್ನು ಮಾತ್ರ ಬಲ್ಲದು. ಯೂನಿಕೋಡ್ ಪದ್ಧತಿಯಲ್ಲಿ ‘ಕ’ಕಾರದ ಸಂಖ್ಯೆ 3221. ಯುಟಿಎಫ್-8 ಕ್ರಮದಲ್ಲಿ ಅದನ್ನು 224, 178, 149 ಎಂಬ ಮೂರು ಬೈಟುಗಳಾಗಿ ಕೂಡಿಡುತ್ತಾರೆ. ಈ ಕ್ರಮವನ್ನು ತಿಳಿಸದಿದ್ದರೆ ಬ್ರೌಸರು ಒಂದೊಂದು ಬೈಟನ್ನೂ ಬೇರೆ ಅಕ್ಷರವೆಂದೆಣಿಸಬಹುದು. ಪುಟದ ಶಿರೋಭಾಗದಲ್ಲಿ ‘ಮೆಟಾ’ ಎಂಬ ಗುರುತಿನೊಳಗೆ ಯುಟಿಎಫ್-8 ಎಂದು ಸೂಚಿಸಿ, ಕಡತವನ್ನೂ ಅದೇ ಕ್ರಮದಲ್ಲಿ ಉಳಿಸಿದರೆ ‘ಕ’ಕಾರವು ಮರಳುತ್ತದೆ. ಬರಿಯ ಚೌಕಗಳು ಕಂಡರೆ ಮಾತ್ರ ಕಾರಣ ಸಾಮಾನ್ಯವಾಗಿ ಬೇರೆ: ಅಲ್ಲಿ ಸಂಖ್ಯೆ ಸರಿಯಾಗಿಯೇ ಇದೆ, ಕನ್ನಡದ ಫಾಂಟು ಇಲ್ಲ.